ತಪ್ಪಿಲ್ಲದ ತೋಟ

ಮೈಲಾರಲಿಂಗನ ಅವತ್ತಿನ ಫಜೀತಿಗೆಲ್ಲ ಕಾರಣವಾದದ್ದು ಒಂದು ಸಣ್ಣ ಪ್ರಶ್ನೆ. "ನಿಮಗ ಕೆಮ್ಮು ಗಿಮ್ಮು ಏನಾದ್ರೂ ಅದ ಏನ್ರಿ?" ಎಂದು ಸರಕಾರದ ಮನುಷ್ಯನೊಬ್ಬ ಅವನನ್ನು ಕೇಳಿದ. ಅವ್ವ ತೀರಿಕೊಂಡ ಮೇಲೆ ಅವನನ್ನು ಆ ಮಾತು ಕೇಳಿದವರು ಯಾರೂ ಇರಲಿಲ್ಲ. ಕೆಮ್ಮು ಇರಲಿಲ್ಲ, ಆದರೂ ಕೇಳಿದವರ ಮರ್ಯಾದೆಗೆ ಮೈಲಾರಲಿಂಗ ಒಂದು ಸಲ ಕೆಮ್ಮಿ ನೋಡಿದ.

ಆದರೆ ಇದನ್ನು ಬೆಳಗಿನಿಂದಲೇ ಹೇಳಬೇಕು.

ಹತ್ತಿಮತ್ತೂರಿನಿಂದ ಸವಣೂರಿನ ಕಡೆ ಹೋಗುವಾಗ, ಊರು ದಾಟಿದ ಮೇಲೆ, ರಸ್ತೆಯಿಂದ ಸ್ವಲ್ಪ ಒಳಗೆ ಮೈಲಾರಲಿಂಗನ ವೀಳ್ಯದೆಲೆ ತೋಟ. ನುಗ್ಗೆ ಗಿಡಗಳನ್ನು ತಬ್ಬಿಕೊಂಡು ಮೇಲೇರಿದ ಬಳ್ಳಿಗಳು, ನಡುವೆ ಒಂದು ಹೆಂಚಿನ ಮನೆ, ಮನೆಯೊಳಗೆ ನಲವತ್ತು ದಾಟಿದ ಅವನೊಬ್ಬ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹುಡುಗಿಯ ಅಪ್ಪಂದಿರು, "ತ್ವಾಟ ಇರಲಿ, ನೌಕರಿ ಏನು?" ಎಂದು ಕೇಳಿದ್ದರು. ಕೇಳಿ ಕೇಳಿ ಸಾಕಾಗಿ ಇವನು ಹೋಗುವುದನ್ನೇ ಬಿಟ್ಟಿದ್ದ. ಅಂಗಡಿಗೆ ಹೋದರೆ ಸಕ್ಕರೆಯನ್ನೂ ಚಹಾಪುಡಿಯನ್ನೂ ಒಂದೇ ಸಲ ತರುತ್ತಿರಲಿಲ್ಲ. ಒಂದನ್ನು ಬಿಟ್ಟು ಬಂದರೆ ಮತ್ತೊಮ್ಮೆ ಹೋಗಲು ನೆಪ ಉಳಿಯುತ್ತಿತ್ತು. ಮೊಬೈಲ್ ಕಂಪನಿಯಿಂದ ಬರುವ ರೆಕಾರ್ಡ್ ಮಾಡಿದ ಹೆಂಗಸಿನ ದನಿಯನ್ನು ಕೂಡ ಅವನು ನಡುವೆ ಕಡಿಯದೆ, "ಹೂಂ, ಹೂಂ" ಎನ್ನುತ್ತಾ ಕೊನೆಯ ತನಕ ಕೇಳುತ್ತಿದ್ದ.

ಅವತ್ತು ಇನ್ನೂ ಮುಖ ತೊಳೆಯುತ್ತಿರುವಾಗಲೇ ಬದುವಿನ ಆಚೆಯ ತೋಟದ ಕುಬೇರಪ್ಪ ಬೆಂಕಿ ಹತ್ತಿದ ಬಣವೆಯಿಂದ ಹೊರಬಿದ್ದ ಹೆಗ್ಗಣದ ಹಾಗೆ ಓಡಿಬಂದ.

"ಏ ಮೈಲಾರಿ! ಸ್ಯಾಂಪಲ್‌ದವ ಬರಾಕತ್ತಾನಂತೋ! ಎಲಿ ಹರಕೊಂಡು ಅಲ್ಲೇ ಪರೀಕ್ಷೆ ಮಾಡ್ತಾನಂತ. ಲಗೂನ ಗೇಟಿಗೆ ಕೀಲಿ ಹಾಕು!"

ಸುದ್ದಿ ಹೊಸದಲ್ಲ. ಆ ಸೀಮೆಯಿಂದ ಹೊರರಾಜ್ಯಕ್ಕೆ ಹೋದ ಎಲೆಯ ಲಾರಿಯೊಂದು, ವಿಷದ ಅಂಶ ಹೆಚ್ಚಾಗಿದೆ ಎಂದು ವಾಪಸು ಬಂದಿತ್ತು. ಬದನೆಕಾಯಿಯಾದರೆ ಬೇಯಿಸಿ ತಿನ್ನುತ್ತಾರೆ. ಎಲೆ ನೇರವಾಗಿ ಬಾಯಿಗೇ ಹೋಗುತ್ತದೆ. ಆದ್ದರಿಂದ ಎಲೆ ತೋಟಗಳನ್ನು ಒಂದೊಂದಾಗಿ ತಪಾಸಣೆ ಮಾಡಬೇಕೆಂದು ಮೇಲಿನಿಂದ ಹುಕುಂ ಆಗಿತ್ತು.

"ಕೀಲಿ ಹಾಕಿ ಎಲ್ಲಿ ಹೋಗ್ಲಿ ಕುಬೇರಣ್ಣ?"

"ಎಲ್ಲಿಗರ ಹೋಗು. ಶಿಗ್ಗಾಂವಕ್ಕ ಹೋಗು, ಹಾನಗಲ್ಲಿಗೆ ಹೋಗು. ಯಾರರ ನಿಮ್ಮವರು ಇರ್ತಾರಲ್ಲ. ಸಂಜಿಮಟ ಹೊಳ್ಳಿ ಬರಬ್ಯಾಡ."

ಮೈಲಾರಲಿಂಗ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ವಿಚಾರ ಮಾಡಿದ. ಶಿಗ್ಗಾಂವದಲ್ಲಿ ಅಣ್ಣನಿದ್ದ. ಅಲ್ಲಿ ಹೊಸ್ತಿಲೊಳಗೆ ಕಾಲಿಟ್ಟ ಕೂಡಲೇ ವೈನಿ ನೀರಿನ ತಂಬಿಗೆ ಕೊಡುತ್ತಾ, "ಯಾವ ಬಸ್ಸಿಗೆ ಹೊಳ್ಳಿ ಹೋಗ್ತೀರಿ?" ಎಂದು ಕೇಳುತ್ತಿದ್ದಳು. ಹಾನಗಲ್ಲಿನಲ್ಲಿ ಅವನಿಗೆ ಪರಿಚಯವಿದ್ದದ್ದು ಬಸ್‌ಸ್ಟ್ಯಾಂಡ್ ಒಂದೇ.

"ನನ್ನ ತ್ವಾಟದಾಗ ಬಚ್ಚಿಡೂದು ಏನೂ ಇಲ್ಲಣ್ಣ," ಎಂದ.

ಅದು ನಿಜ. ಆದರೆ ಅದರಲ್ಲಿ ಅವನ ದೊಡ್ಡತನವೇನೂ ಇರಲಿಲ್ಲ. ಕೀಟನಾಶಕಕ್ಕೆ ಅಲ್ಲಿಯ ಜನ 'ಎಣ್ಣಿ' ಎನ್ನುತ್ತಾರೆ. ಎಣ್ಣೆ ಹೊಡೆಯುವ ಪಂಪಿಗೆ ನೀರು ತುಂಬಿದ ಮೇಲೆ ಅದನ್ನು ಎತ್ತಿ ಬೆನ್ನಿಗೇರಿಸಲು ಇನ್ನೊಬ್ಬರ ಕೈ ಬೇಕು. ಅವ್ವ ಇದ್ದಾಗ ಅವಳು ಎತ್ತಿ ಕೊಡುತ್ತಿದ್ದಳು. ಅವಳು ಹೋದ ಮೇಲೆ ಪಂಪು ದನದ ಕೊಟ್ಟಿಗೆಯ ಮೂಲೆ ಸೇರಿತು. ಇವನು ಬೇವಿನ ಹಿಂಡಿ, ಸಗಣಿ ಹಾಕಿಕೊಂಡು ಸುಮ್ಮನಾದ. ಊರವರು ಅವನನ್ನು ಸಾವಯವ ರೈತ ಎಂದು ಕರೆಯತೊಡಗಿದರು.

"ನಿನ್ನ ಹಣೇಬರಹ," ಎಂದು ಕುಬೇರಪ್ಪ ಬಂದಷ್ಟೇ ಜೋರಾಗಿ ಓಡಿಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಗೇಟಿಗೆ ಕೀಲಿ ಬಿದ್ದ ಸದ್ದು ಕೇಳಿಸಿತು.

* * *

ಬಿಸಿಲು ಏರುವ ಹೊತ್ತಿಗೆ ತೋಟಗಾರಿಕೆ ಇಲಾಖೆಯ ವಾದಿರಾಜರು ಮೋಟಾರು ಸೈಕಲ್ ಮೇಲೆ ಬಂದರು. ಧಾರವಾಡದ ಕಡೆಯವರು, ಕನ್ನಡಕ, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ಅಂಗಾರದ ಗೆರೆ. ಸವಣೂರಿನಿಂದ ಇಲ್ಲಿಯ ತನಕ ಅವರು ನೋಡಿದ್ದು ಬರೀ ಕೀಲಿಗಳನ್ನು. ಸಣ್ಣ ಕೀಲಿ, ದೊಡ್ಡ ಕೀಲಿ, ಒಂದು ಕಡೆಯಂತೂ ಗೇಟಿಲ್ಲದ ತೋಟದ ಕಂಬಕ್ಕೂ ಕೀಲಿ ಹಾಕಿದ್ದರು. ಮೈಲಾರಲಿಂಗನ ಗೇಟು ತೆರೆದೇ ಇದ್ದದ್ದನ್ನು ನೋಡಿ, ಒಳಗೆ ಹೋಗುವುದೋ ಬೇಡವೋ ಎಂದು ಅವರೇ ಅನುಮಾನಿಸಿ ನಿಂತರು.

"ಬರ್ರಿ, ಬರ್ರಿ! ಒಳಗ ಬರ್ರಿ!" ಎಂದು ಮೈಲಾರಲಿಂಗ ಯಾರು ಏನು ಎಂದು ಕೂಡ ಕೇಳದೆ ಕರೆದ.

"ನಾನು ತಪಾಸಣಾಕ್ಕ ಬಂದೀನ್ರಿ," ಎಂದು ವಾದಿರಾಜರು ಎಚ್ಚರಿಕೆ ಕೊಡುವವರಂತೆ ಹೇಳಿದರು.

"ಗೊತ್ತೈತ್ರಿ. ಮೊದಲ ಕುಂದರ್ರಿ. ಚಾ ಮಾಡ್ತೇನಿ."

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಬಟ್ಟೆಯ ರಾಶಿ. ಬಟ್ಟೆಯನ್ನು ಅಪ್ಪಿಕೊಂಡು ಒಳಗೆ ಒಯ್ದು ಒಗೆದು ಬಂದ. ಎರಡನೆಯ ಕಪ್ಪು ಗೋಡೆಯ ಮಾಡದಲ್ಲಿ ಎಷ್ಟೋ ದಿನದಿಂದ ಬೋರಲಾಗಿ ಬಿದ್ದಿತ್ತು. ಅದನ್ನು ಬೂದಿ ಹಚ್ಚಿ ತಿಕ್ಕಿದ, ಮತ್ತೆ ಸಾಬೂನು ಹಚ್ಚಿ ತಿಕ್ಕಿದ, ಅದೂ ಸಾಲದೆ ಬಿಸಿನೀರು ಹಾಕಿದ. ವಾದಿರಾಜರು ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡಿ, ತಮ್ಮ ತಪಾಸಣೆಯ ಹಾಳೆಯಲ್ಲಿ ಪಾತ್ರೆಗಳ ಸ್ವಚ್ಛತೆಗೆ ಗುರುತು ಹಾಕಿಕೊಂಡರು.

ಚಹಾ ಬಂತು. ಪ್ರಶ್ನೆಗಳು ಶುರುವಾದವು.

"ತ್ವಾಟಕ್ಕ ನೀರು ಎಲ್ಲಿಂದ ಬರ್ತದ?"

ಬಾವಿಯಿಂದ ಎಂದರೆ ಮುಗಿಯುತ್ತಿತ್ತು. ಮೈಲಾರಲಿಂಗ ಅಜ್ಜ ಬಾವಿ ತೋಡಿಸಿದ ವರ್ಷದಿಂದ ಹಿಡಿದು, ಬಂಡೆ ಅಡ್ಡ ಬಂದದ್ದು, ತೋಡುವವರು ಜಗಳ ಮಾಡಿಕೊಂಡು ಹೋದದ್ದು, ಕಡೆಗೆ ಅಜ್ಜಿ ಹೋಳಿಗೆ ಮಾಡಿ ಅವರನ್ನು ತಿರುಗಿ ಕರೆತಂದದ್ದು, ಎಲ್ಲ ಹೇಳಿದ. ವಾದಿರಾಜರು ಪೆನ್ನು ಹಿಡಿದುಕೊಂಡು ಕೇಳಿದರು. ಹೋಳಿಗೆಯ ಮಾತು ಬಂದಾಗ ತಲೆದೂಗಿದರು.

"ದನಾ ಕರಾ ತ್ವಾಟದಾಗ ಅಡ್ಡಾಡ್ತಾವೇನು?"

"ಒಂದು ಎಮ್ಮಿ ಇತ್ರಿ. ಗೌರಿ ಅಂತ ಹೆಸರು. ನಾ ಕರದ್ರ ಬರ್ತಿರಲಿಲ್ಲ, ಅವ್ವನ ದನಿ ಕೇಳಿದ್ರ ಅಷ್ಟ ಬರ್ತಿತ್ತು. ಅವ್ವ ಹ್ವಾದಮ್ಯಾಲ ಮಾರಿದೆ. ಯಾರು ಕರದ್ರೂ ಬರಲಿಲ್ಲಂದ್ರ ಅದನ್ನ ಇಟಕೊಂಡು ಏನ್ ಮಾಡ್ಲಿರಿ?"

"ಹಂಗಾರ ಈಗ ಇಲ್ಲ."

"ಈಗ ಯಾರೂ ಇಲ್ರಿ."

"ಎಲಿ ಹರಿಯೋ ಮುಂದ ಕೈ ತೊಳ್ಕೋತೀರಿ? ಉಗುರು ತಕ್ಕೋತೀರಿ?" ಮೈಲಾರಲಿಂಗ ಹೌದೆಂದ. ವಾದಿರಾಜರು ಅವನ ಕೈ ಹಿಡಿದು, ಅಂಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಮತ್ತೊಬ್ಬರ ಕೈ ತನ್ನ ಕೈಗೆ ತಾಗಿದ್ದು ಇದಕ್ಕೂ ಮೊದಲು ಯಾವಾಗ ಎಂದು ಮೈಲಾರಲಿಂಗ ನೆನೆಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಕೆಮ್ಮಿನ ಪ್ರಶ್ನೆ ಬಂದದ್ದು ಆಗಲೇ. ಆ ಮೇಲೆ ಜ್ವರದ್ದು, ಹೊಟ್ಟೆಯದ್ದು, ಮೈಮೇಲೆ ಗಾಯದ್ದು. ಎಲೆ ಮುಟ್ಟುವವರ ಆರೋಗ್ಯ ಸರಿಯಾಗಿರಬೇಕು, ಅದಕ್ಕೇ ಕೇಳಬೇಕಾಗುತ್ತದೆ ಎಂದು ವಾದಿರಾಜರು ಹೇಳಿದರು. ಮೈಲಾರಲಿಂಗನಿಗೆ ಅದು ಕೇಳಿಸಲಿಲ್ಲ. ಹಿಮ್ಮಡಿಯ ಬಿರುಕನ್ನು ತೋರಿಸಿದ. ಹೋದ ಮಳೆಗಾಲ ಒಂದು ವಾರ ಜ್ವರ ಬಂದಿತ್ತು, ತಾನೇ ಗಂಜಿ ಕಾಸಿ ಕುಡಿದೆ ಎಂದ. "ಯಾರಿಗೂ ಹೇಳಲಿಲ್ಲೇನು?" ಎಂದು ವಾದಿರಾಜರು ಕೇಳಿದ್ದಕ್ಕೆ, "ಯಾರೂ ಕೇಳಲಿಲ್ರಿ," ಎಂದ.

ಕೊನೆಗೆ ವಾದಿರಾಜರು ಪೆಟ್ಟಿಗೆ ತೆರೆದು ಪರೀಕ್ಷೆಯ ಸಾಮಾನು ಹೊರಗಿಟ್ಟರು. ನಾಲ್ಕು ಮೂಲೆಯ ಎಲೆ ತರಿಸಿ, ಹೆಚ್ಚಿ, ಸಣ್ಣ ಶೀಶೆಯ ನೀರಿನಲ್ಲಿ ಅಲುಗಾಡಿಸಿ, ಅದರ ಹನಿಯನ್ನು ಒಂದು ಬಿಳಿ ಪಟ್ಟಿಯ ಮೇಲೆ ಬಿಟ್ಟರು.

"ಪಟ್ಟಿ ನೀಲಿ ಆದ್ರ ಶುದ್ಧ. ಬೆಳ್ಳಗ ಉಳಿದ್ರ ವಿಷ ಅದ ಅಂತ ಅರ್ಥ."

ಇಬ್ಬರೂ ತಲೆಗೆ ತಲೆ ತಾಗಿಸಿ, ತೊಟ್ಟಿಲೊಳಗಿನ ಕೂಸನ್ನು ನೋಡುವವರಂತೆ ಪಟ್ಟಿಯನ್ನೇ ನೋಡುತ್ತಾ ಕೂತರು. ಪಟ್ಟಿ ಸಾವಕಾಶ ನೀಲಿಯಾಯಿತು. ನವಿಲಿನ ಕೊರಳಿನ ಹಾಗೆ ನೀಲಿ.

"ಭೇಷ್!" ವಾದಿರಾಜರು ಅವನ ಬೆನ್ನು ತಟ್ಟಿದರು. "ಇಷ್ಟು ನೀಲಿ ನಾನು ನೋಡೇ ಇರಲಿಲ್ಲ. ನಿಮ್ಮದು ಏನೂ ತಪ್ಪಿಲ್ಲ. ಇನ್ನ ಮೂರು ವರ್ಷ ನಿಮ್ಮ ಕಡೆ ಯಾರೂ ಬರೂದಿಲ್ಲ. ಆರಾಮ ಇರ್ರಿ."

ಮೈಲಾರಲಿಂಗನ ಮುಖ ಇಳಿಯಿತು.

"ಯಾರೂ ಬರೂದಿಲ್ಲೇನ್ರಿ?"

"ಯಾರೂ ಬರೂದಿಲ್ಲ."

"ಮತ್ತ... ತಪ್ಪು ಇದ್ದವರ ತ್ವಾಟಕ್ಕ?"

"ಅವರ ಕಡೆ ಬಿಡ್ಲಿಕ್ಕೆ ಆಗ್ತದೇನ್ರಿ? ಹದಿನೈದು ದಿವಸಕ್ಕೊಮ್ಮೆ ಬರಬೇಕು. ಕೂತು ಎಲ್ಲಾ ಕೇಳಬೇಕು, ತಿಳಿಸಿ ಹೇಳಬೇಕು. ಸುಧಾರಿಸೋ ತನಕ ಬರ್ತಾನೇ ಇರಬೇಕು." ವಾದಿರಾಜರು ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಮುಚ್ಚತೊಡಗಿದರು.

* * *

ಮುಂದೆ ಆದದ್ದನ್ನು ಮೈಲಾರಲಿಂಗ ಯೋಚಿಸಿ ಮಾಡಲಿಲ್ಲ. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಸಾಹೇಬ್ರ, ನಾ ಕೈ ತೊಳ್ಕೊಳ್ಳಂಗಿಲ್ರಿ."

"ಏನು?"

"ಸುಳ್ಳ ಹೇಳಿದ್ನಿ. ಎಲಿ ಹರಿಯೋ ಮುಂದ ತೊಳ್ಕೊಳ್ಳಂಗಿಲ್ಲ."

ವಾದಿರಾಜರು ನಕ್ಕರು. "ಬಾವಿ ಕಟ್ಟಿಮ್ಯಾಲೆ ಸಾಬೂನು ಸವದು ಕಾಗದದಂಗ ಆಗೇದ. ನಾನು ಬರೋ ಮುಂದನ ನೋಡೀನಿ."

"ಹಂಗಲ್ರಿ. ನಾ ಎಣ್ಣಿ ಹೊಡಿತೇನ್ರಿ."

ಪೆಟ್ಟಿಗೆಯ ಮುಚ್ಚಳ ಅರ್ಧಕ್ಕೆ ನಿಂತಿತು.

"ಇವತ್ತ ಮುಂಜಾನಿ ಹೊಡದೇನಿ. ಆ ತುದಿಯ ಸಾಲಿಗೆ. ಅಲ್ಲಿ ಎಲಿ ನಿಮಗ ನಾ ತಂದ ಕೊಡಲಿಲ್ಲ."

ಅಲ್ಲಿಯ ತನಕ ಬೀಗರಂತೆ ಕೂತಿದ್ದ ವಾದಿರಾಜರು ಫೌಜದಾರರಂತೆ ಎದ್ದು ನಿಂತರು. "ಯಾವ ಎಣ್ಣಿ?"

ಮೈಲಾರಲಿಂಗನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. "ಅದು... ನೀಲಿ ಡಬ್ಬಿದ್ರಿ."

"ಡಬ್ಬಿ ತಗೊಂಡು ಬರ್ರಿ."

"ತರ್ತೇನಿ, ನೀವು ಕುಂದರ್ರಿ. ಹೋಗಬ್ಯಾಡ್ರಿ ಮತ್ತ. ಇನ್ನೊಂದು ಕಪ್ ಚಾ ಕುಡೀರಿ," ಎನ್ನುತ್ತಾ ಮೈಲಾರಲಿಂಗ ಹಿತ್ತಲಿನ ಕಡೆ ಓಡಿದ. ಬದು ಜಿಗಿದು ಕುಬೇರಪ್ಪನ ಮನೆಯ ಹಿಂದೆ ಹೋದ.

ಕುಬೇರಪ್ಪನ ಮನೆಯ ಮುಂಬಾಗಿಲಿಗೆ ಆನೆಯ ಪಾದದಷ್ಟು ದೊಡ್ಡ ಕೀಲಿ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರೂ ಹಿಂದಿನ ಕೊಟ್ಟಿಗೆಯಲ್ಲಿ ಎತ್ತುಗಳ ನಡುವೆ ಬಗ್ಗಿ ಕೂತಿದ್ದರು. ಸುಮ್ಮನೆ ಕೂರಲಾಗದೆ ಕುಬೇರಪ್ಪನ ಹೆಂಡತಿ ಶೇಖವ್ವ ಅಲ್ಲೇ ಶೇಂಗಾ ಸುಲಿಯುತ್ತಿದ್ದಳು.

"ಕುಬೇರಣ್ಣ, ಒಂದು ಖಾಲಿ ಎಣ್ಣಿ ಡಬ್ಬಿ ಇದ್ರ ಕೊಡು."

ಕುಬೇರಪ್ಪ ಎತ್ತಿನ ಹೊಟ್ಟೆಯ ಕೆಳಗಿನಿಂದ ತಲೆ ಹೊರಗೆ ಹಾಕಿದ. "ಅವ ಹ್ವಾದನೇನು?"

"ಇಲ್ಲ. ನಮ್ಮ ಮನ್ಯಾಗ ಕುಂತಾನ. ಅವನಿಗೆ ತೋರಸಾಕ ಬೇಕಾಗೇತಿ."

"ಏನ್ ತೋರಸಾಕ?"

"ನಾ ಎಣ್ಣಿ ಹೊಡಿತೇನಿ ಅಂತ."

ಕುಬೇರಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ಎಲ್ಲಾರೂ ಇದ್ದದ್ದನ್ನ ಮುಚ್ಚಿಡಾಕ ಸಾಯಾಕತ್ತಾರ, ನೀ ಇಲ್ಲದ್ದನ್ನ ಸಾಲ ತಗೊಂಡು ತೋರಿಸ್ತೀಯೇನೋ? ಬಿಸಿಲು ನೆತ್ತಿಗೇರೇತೇನು?"

"ಲಗ್ನ ಆಗದಿದ್ರ ಹಿಂಗ ನೋಡ್ರಿ," ಎಂದಳು ಶೇಖವ್ವ, ಮೈಲಾರಲಿಂಗ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ. "ಒಬ್ಬನ ಉಂಡು ಒಬ್ಬನ ಮಲಗಿ ಹಿಂಗ ಆಗ್ಯಾನ."

"ವೈನಿ, ಒಂದ ಡಬ್ಬಿ. ನಿಮ್ಮ ಹೆಸರು ಹೇಳಂಗಿಲ್ಲ."

"ಸುಡ್ಲಿ, ಒಂದು ಕೊಡ್ರಿ ಅವಗ. ಆ ಸ್ಯಾಂಪಲ್‌ದವ ಅಲ್ಲೇ ಕುಂತು ಇವನ ತಲಿ ತಿನ್ನೂದ ಒಳ್ಳೇದು. ನಮ್ಮ ಕಡೆ ಬರಾಂಗಿಲ್ಲ," ಎಂದು ಶೇಖವ್ವ ಹೊಟ್ಟಿನ ರಾಶಿಯಲ್ಲಿ ಕೈ ಹಾಕಿ ಒಂದು ಡಬ್ಬಿ ಎಳೆದು ಕೊಟ್ಟಳು. ಅದು ನೀಲಿಯಲ್ಲ, ಹಸಿರು.

* * *

"ನೀಲಿ ಅಂದ್ರಲ್ಲ?" ಎಂದರು ವಾದಿರಾಜರು.

"ಬಿಸಲಿಗೆ ಬಣ್ಣ ಹೋಗೇತ್ರಿ."

ವಾದಿರಾಜರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಎಲೆ ಬಳ್ಳಿಗೆ ಹೊಡೆಯಲೇಬಾರದ ವಿಷ ಅದು. ಮುಚ್ಚಳ ತೆಗೆದು ಮೂಸಿದರು. ವಾಸನೆ ಇನ್ನೂ ಹಸಿಯಾಗಿತ್ತು. "ಪಂಪು ಎಲ್ಲದ?"

ಪಂಪನ್ನು ಕೊಟ್ಟಿಗೆಯ ಮೂಲೆಯಿಂದ ಹೊರಗೆ ತಂದಾಗ ಅದರ ಬಾಯಿಯಿಂದ ಒಂದು ಜೇಡ ಇಳಿದು, ಇಷ್ಟು ವರ್ಷ ಇಲ್ಲದ ಈ ಗದ್ದಲವೇನು ಎಂಬಂತೆ ನಿಂತು ನೋಡಿ, ಗೋಡೆ ಹತ್ತಿ ಹೋಯಿತು.

"ಇದರಿಂದ ಇವತ್ತ ಮುಂಜಾನಿ ಹೊಡದೀರಿ?"

"ಹೌದ್ರಿ."

"ಎತ್ತಿ ಬೆನ್ನಿಗೆ ಹಾಕಿದವರು ಯಾರು?"

ಮೈಲಾರಲಿಂಗನಿಗೆ ಒಂದು ಹೆಸರು ಬೇಕಾಗಿತ್ತು. ಯಾರದಾದರೂ ಒಂದು ಹೆಸರು. ಊರಿನ ಒಂದೊಂದೇ ಮನೆಯನ್ನು ನೆನೆಸಿಕೊಂಡ. ಮುಂಜಾನೆ ಎದ್ದು ಬಂದು ತನ್ನ ಪಂಪು ಎತ್ತಿಕೊಡುವಂಥ ಮನುಷ್ಯ ಒಬ್ಬನೂ ಹೊಳೆಯಲಿಲ್ಲ. ಸುಳ್ಳಿಗೂ ಹೊಳೆಯಲಿಲ್ಲ.

"ನಾನ ಹಾಕ್ಕೊಂಡ್ನಿ," ಎಂದ.

"ಹಾಕ್ಕೊಂಡು ತೋರಸ್ರಿ."

ಪಂಪಿಗೆ ನೀರು ತುಂಬಿದ್ದಾಯಿತು. ಮೈಲಾರಲಿಂಗ ಕೂತು, ಪಟ್ಟಿಗಳೊಳಗೆ ಎರಡೂ ತೋಳು ಹಾಕಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಎದ್ದ. ಅರ್ಧ ಎದ್ದ. ಪಂಪು ಹಿಂದಕ್ಕೆ ಎಳೆಯಿತು. ಅಂಗಳದಲ್ಲಿ ಬೆನ್ನು ಕೆಳಗಾಗಿ ಬಿದ್ದು, ಮಗುಚಿದ ಆಮೆಯಂತೆ ನಾಲ್ಕೂ ಕಡೆ ಕೈಕಾಲು ಆಡಿಸಿದ. ವಾದಿರಾಜರು ಗಾಬರಿಯಾಗಿ ಎಬ್ಬಿಸಿದರು.

"ಸಾಕು, ಬಿಡ್ರಿ."

"ಇನ್ನೊಂದ ಸಲ ನೋಡ್ತೇನ್ರಿ. ಮುಂಜಾನಿ ಆಗಿತ್ತು."

ಎರಡನೆಯ ಸಲ ಮುಗ್ಗರಿಸಿ ಮುಂದಕ್ಕೆ ಬಿದ್ದ. ಮುಚ್ಚಳ ಸಡಿಲವಾಗಿ ನೀರೆಲ್ಲ ತಲೆಯ ಮೇಲೆ ಹರಿಯಿತು. ಮತ್ತೆ ನೀರು ತುಂಬಿ ಎತ್ತಿದ ಮೂರನೆಯ ಸಲ ಪಂಪು ಒಂದು ಭುಜದ ಮೇಲೆ ನಿಂತು, ಇವನನ್ನು ಗಾಣದ ಎತ್ತಿನ ಹಾಗೆ ಅಂಗಳದ ತುಂಬ ಸುತ್ತು ಹಾಕಿಸಿತು.

ಬದುವಿನ ಬೇಲಿಯ ಸಂದಿಯಿಂದ ಕುಬೇರಪ್ಪ ಇದನ್ನೆಲ್ಲ ನೋಡುತ್ತಿದ್ದ. ಕೊಟ್ಟಿಗೆಯಲ್ಲೇ ಕೂತಿರಬೇಕೆಂದು ಶೇಖವ್ವ ಅವನ ಧೋತರ ಹಿಡಿದು ಎಳೆದಿದ್ದಳು. ಆದರೆ ಕುಬೇರಪ್ಪ ಹುಟ್ಟಿನಿಂದಲೇ ಮಂದಿಗೆ ದಾರಿ ಹೇಳುವ ಮನುಷ್ಯ. ಊರಲ್ಲಿ ಯಾರ ಬಂಡಿ ಹುಗಿದರೂ ದಂಡೆಯ ಮೇಲೆ ನಿಂತು ಹೇಳಿಕೊಡುವವನು ಅವನೇ. ಮೈಲಾರಲಿಂಗ ನಾಲ್ಕನೆಯ ಸಲ ಬಿದ್ದಾಗ ಅವನಿಂದ ತಡೆಯಲಾಗಲಿಲ್ಲ.

"ಏ ಹಂಗಲ್ಲೋ ಮಂಗ್ಯಾ!" ಬೇಲಿಯ ಮೇಲೆ ತಲೆ ಎತ್ತಿ ಕೂಗಿದ. "ನೆಲದ ಮ್ಯಾಲೆ ಇಟ್ಟು ಏಳಾಕ ಬರ್ತೈತೇನು? ಬದುವಿನ ಮ್ಯಾಲೆ ಇಡಬೇಕು, ತಾನು ಕೆಳಗ ನಿಂದರಬೇಕು! ಮೊನ್ನಿ ಸೋಮವಾರ ನಾ ಒಬ್ಬನ ಹಾಕ್ಕೊಂಡು, ಅದ ಡಬ್ಬಿ ಎಣ್ಣಿ, ಇಡೀ ತ್ವಾಟಕ್ಕ ಹೊಡದೇನಿ!"

ಬೇಲಿಯ ಹಿಂದಿನಿಂದ ಶೇಖವ್ವ ಹಣೆ ಹಣೆ ಬಡಿದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು.

ವಾದಿರಾಜರು ಕನ್ನಡಕ ಸರಿಮಾಡಿಕೊಂಡರು. "ಯಜಮಾನ್ರ, ನಿಮ್ಮ ಗೇಟಿನ ಕೀಲಿಕೈ ಎಲ್ಲದ?"

* * *

ಕುಬೇರಪ್ಪನ ಎಲೆಯ ಪಟ್ಟಿ ಸುಣ್ಣದ ಗೋಡೆಯಂತೆ ಬೆಳ್ಳಗೇ ಉಳಿಯಿತು. ಎರಡನೆಯ ಪಟ್ಟಿಯೂ ಹಾಗೆಯೇ. ವಾದಿರಾಜರು ದಂಡದ ಚೀಟಿ ಹರಿದು ಕೊಟ್ಟರು.

ಮೈಲಾರಲಿಂಗ ಒದ್ದೆ ಅಂಗಿಯಲ್ಲೇ ಬದುವಿನ ಮೇಲೆ ನಿಂತಿದ್ದ. ಕುಬೇರಪ್ಪ ಅವನ ಹತ್ತಿರ ಬಂದು, ಹಲ್ಲಿನ ನಡುವಿನಿಂದ ಹೇಳಿದ: "ಡಬ್ಬಿ ಕೇಳಿದ್ದು ಇದಕ್ಕೇನು? ನಾಟಕ ಛಲೋ ಕಟ್ಟಿದಿ. ಇನ್ನ ಈ ಬದು ದಾಟಿ ಕಾಲ ಇಟ್ಟರ ನೋಡು."

"ಅಣ್ಣ, ನಾ ನಿನ್ನ ಸಿಗಸಾಕ ಮಾಡಿಲ್ಲ. ಅವರು ಹೋಗಬಾರದು ಅಂತ..."

"ಹೌದಪ್ಪ, ಹೋಗಲಿಲ್ಲ ನೋಡು. ನಮ್ಮ ಮನಿಗೆ ಬಂದ್ರು."

ವಾದಿರಾಜರು ಕುಬೇರಪ್ಪನ ಕಟ್ಟೆಯ ಮೇಲೆ ಕೂತರು. ಮೊದಮೊದಲು ಅಲ್ಲಿಂದ ಬಿಗಿಯಾದ ದನಿಗಳೇ ಬಂದವು. ನೀರು ಎಲ್ಲಿಯದು, ದನ ಎಷ್ಟು, ಮನೆಯಲ್ಲಿ ಯಾರ್ಯಾರು. ಶೇಖವ್ವನ ಮಂದಿಯೋ ಒಂದು ಸಂತೆಯಷ್ಟು. ಗಂಡನ ತಮ್ಮಂದಿರು, ಅವರ ಹೆಂಡಿರು, ಬಾಣಂತನಕ್ಕೆ ಬಂದ ಮಗಳು, ಅವಳ ಅತ್ತೆ. ಒಬ್ಬೊಬ್ಬರ ಕೆಮ್ಮು, ಒಬ್ಬೊಬ್ಬರ ಜ್ವರ ಎಂದರೆ ಮುಗಿಯುವ ಮಾತೇ? ಹೆಸರು ಹೇಳಿದಂತೆಲ್ಲ ಒಬ್ಬೊಬ್ಬರಾಗಿ ಅಡಗಿದ್ದಲ್ಲಿಂದ ಹೊರಗೆ ಬಂದರು. ಸ್ವಲ್ಪ ಹೊತ್ತಿಗೆ ಸವಣೂರು ಖಾರದ ತಟ್ಟೆ ಬಂತು. ಮತ್ತೆ ಸ್ವಲ್ಪ ಹೊತ್ತಿಗೆ ವಾದಿರಾಜರ ನಗು ಕೇಳಿಸಿತು. ಶೇಖವ್ವ ತನ್ನ ಮಂಡಿನೋವಿನ ಕತೆ ಹೇಳುತ್ತಿದ್ದಳು, ವಾದಿರಾಜರು ಅದಕ್ಕೆ ಯಾವುದೋ ಎಲೆಯ ಲೇಪ ಹೇಳಿಕೊಡುತ್ತಿದ್ದರು.

"ಇನ್ನ ಹದಿನೈದು ದಿವಸಕ್ಕ ಬರ್ತೀನ್ರಿ," ಎಂದದ್ದು ಕೇಳಿಸಿತು.

"ಬರ್ರಿ. ಆವತ್ತ ಊಟಕ್ಕ ಇರಬೇಕು ಮತ್ತ. ಶೇಂಗಾ ಹೋಳಿಗಿ ಮಾಡ್ತೇನಿ," ಎಂದಳು ಶೇಖವ್ವ. ದಂಡದ ಸಿಟ್ಟು ಅವಳ ದನಿಯಲ್ಲಿ ಎಲ್ಲೂ ಉಳಿದಿರಲಿಲ್ಲ.

ಮೈಲಾರಲಿಂಗ ಮನೆಗೆ ಬಂದು ಅಂಗಿ ಬದಲಿಸಿದ. ಎರಡು ಕಪ್ಪುಗಳನ್ನು ತೊಳೆದಿಟ್ಟ. ವಾದಿರಾಜರು ಹೋಗುವ ಮುಂಚೆ ಒಂದು ಸಲ ಈ ಕಡೆ ಬಂದೇ ಬರುತ್ತಾರೆ, ಮೋಟಾರು ಸೈಕಲ್ ಇನ್ನೂ ಇವನ ಗೇಟಿನಲ್ಲೇ ಇದೆ ಎಂದು ಚಹಾಕ್ಕೆ ನೀರಿಟ್ಟ. ನೀರು ಕುದಿಯಿತು. ಆರಿತು. ಮತ್ತೆ ಕುದಿಸಿದ.

ಮಧ್ಯಾಹ್ನ ಕಳೆದ ಮೇಲೆ ವಾದಿರಾಜರು ಬಂದರು. ಮೋಟಾರು ಸೈಕಲ್ಲಿನ ಚೀಲದಿಂದ ಸುತ್ತಿಗೆಯನ್ನೂ ಬಟ್ಟೆ ಸುತ್ತಿದ ಒಂದು ತಗಡನ್ನೂ ತೆಗೆದರು. ಒಳಗೆ ಬರದೆ ಗೇಟಿನ ಹತ್ತಿರವೇ ನಿಂತು ಇವನನ್ನು ಕರೆದರು.

"ಭಾಳ ಶಾಣ್ಯಾ ಅದೀರಿ ನೀವು," ಎಂದು ದನಿ ತಗ್ಗಿಸಿ ಹೇಳಿದರು. "ನೆರೀಮನಿಯವರ ಹೆಸರು ಹೇಳ್ಲಿಕ್ಕೆ ಸಂಕೋಚ, ಸುಮ್ಮನಿರ್ಲಿಕ್ಕೆ ಮನಸ್ಸು ಒಪ್ಪೂದಿಲ್ಲ. ಅದಕ್ಕ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡು ನನಗ ದಾರಿ ತೋರಿಸಿದ್ರಿ. ನನಗ ಆಮ್ಯಾಲೆ ತಿಳೀತು."

"ಹಂಗಲ್ರಿ ಸಾಹೇಬ್ರ. ನಾ ಯಾಕ ಹೇಳಿದ್ನಿ ಅಂದ್ರ..." ಮೈಲಾರಲಿಂಗನ ಗಂಟಲಿನ ತನಕ ಮಾತು ಬಂತು. ನೀವು ಮತ್ತೆ ಬರಲಿ ಅಂತ, ಎಂದು ಹೇಳಬೇಕು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ, ಅದೂ ಸರಕಾರದ ಮನುಷ್ಯನಿಗೆ, ಇದನ್ನು ಹೇಗೆ ಹೇಳುವುದು? "ಚಾ ಆಗೇತ್ರಿ. ಒಳಗ ಬರ್ರಿ," ಎಂದ.

"ಇಲ್ಲಿಲ್ಲ, ಇನ್ನ ನಾ ಒಳಗ ಬರಂಗಿಲ್ಲ," ಎಂದು ವಾದಿರಾಜರು ಸಂತೋಷದಿಂದ ಬಟ್ಟೆ ಬಿಚ್ಚಿ ತಗಡನ್ನು ತೋರಿಸಿದರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ:

*ಸುರಕ್ಷಿತ ಎಲೆ ತೋಟ. ಹೊರಗಿನವರಿಗೆ ಪ್ರವೇಶವಿಲ್ಲ.*

"ಇಡೀ ತಾಲೂಕಿಗೆ ಇದ ಮೊದಲನೇ ಬೋರ್ಡು. ಆಫೀಸಿನಾಗ ಇದು ಧೂಳು ತಿಂದ್ಕೋತ ಬಿದ್ದಿತ್ತು, ಹಾಕ್ಲಿಕ್ಕೆ ಒಂದು ತ್ವಾಟ ಸಿಕ್ಕಿರಲಿಲ್ಲ. ಮಂದಿ ಕಾಲಿಗೆ, ಕೈಗೆ, ಬಟ್ಟಿಗೆ ಬ್ಯಾರೆ ತ್ವಾಟದ ವಿಷ ಹತ್ತಿರ್ತದ. ಅವರು ಒಳಗ ಬಂದ್ರ ನಿಮ್ಮ ಬಳ್ಳಿಗೂ ಬರ್ತದ. ನಾನೂ ಈಗ ಅಲ್ಲಿಂದ ಬಂದೀನಿ, ನೋಡ್ರಿ. ಅದಕ್ಕ ಇನ್ನ ಮೂರು ವರ್ಷ ಯಾರನ್ನೂ ಬಿಡಬ್ಯಾಡ್ರಿ."

"ಬೀಗರು ಬಂದ್ರ?"

"ಗೇಟಿನ ಹೊರಗ ಮಾತಾಡ್ಸಿ ಕಳಸ್ರಿ."

"ನೀವು ಕುಬೇರಣ್ಣನ ಕಡೆ ಬಂದಾಗ..."

"ನಿಮ್ಮ ಕಡೆ ನನಗೇನು ಕೆಲಸಾರಿ? ನೀವು ಪಾಸಾದ್ರಿ," ಎಂದು ವಾದಿರಾಜರು ನಕ್ಕು, ತಗಡನ್ನು ಗೇಟಿನ ಕಂಬಕ್ಕೆ ಇಟ್ಟು ನಾಲ್ಕು ಮೂಲೆಗೆ ನಾಲ್ಕು ಮೊಳೆ ಬಡಿದರು. ಸೊಟ್ಟಾಗಿದೆಯೋ ನೆಟ್ಟಗಿದೆಯೋ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಇವನಿಗೆ ಕೈ ಮುಗಿದು, ಮೋಟಾರು ಸೈಕಲ್ ಹತ್ತಿ ಹೋದರು.

* * *

ಸಂಜೆ ಎಲೆ ಒಯ್ಯಲು ಸವಣೂರಿನ ವ್ಯಾಪಾರಿ ದಸ್ತಗೀರಸಾಬ ತನ್ನ ಟಂಟಂ ಗಾಡಿ ತಂದ. ಬಂದಾಗಲೆಲ್ಲ ಅವನು ಅಂಗಳದಲ್ಲಿ ಕೂತು, ಒಂದು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಪ್ಯಾಟೆಯ ನಾಲ್ಕು ಮಾತು ಆಡಿ ಹೋಗುವವನು. ಆ ನಾಲ್ಕು ಮಾತಿನ ಮೇಲೆಯೇ ಮೈಲಾರಲಿಂಗನ ವಾರ ಸಾಗುತ್ತಿತ್ತು.

ಇವತ್ತು ಗಾಡಿ ಗೇಟಿನಲ್ಲೇ ನಿಂತಿತು. ದಸ್ತಗೀರಸಾಬ ಇಳಿದು ಬೋರ್ಡನ್ನು ಒಂದೊಂದೇ ಅಕ್ಷರ ಓದಿದ.

"ಮುಬಾರಕ್ ಮೈಲಾರಿ! ಊರಾಗೆಲ್ಲಾ ನಿನ್ನದ ಸುದ್ದಿ. ಕುಬೇರಪ್ಪ ಅಂತೂ ಚೌಕದಾಗ ನಿಂತು ನಿನಗ ಬೈಯಾಕತ್ತಾನ." ಅವನು ಕಾಲಿನ ಚಪ್ಪಲಿ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. "ಎಲಿ ಪೆಂಡಿ ಇಲ್ಲೇ ಗೇಟಿನ ಮ್ಯಾಲಿಂದ ಕೊಡು."

"ಒಳಗ ಬಾರೋ ದಸ್ತಗೀರ. ಬೋರ್ಡು ಇರ್ಲಿ. ಚಾ ಕುದಿಸೇನಿ."

"ತೋಬಾ ತೋಬಾ! ನಾ ನಾಕ ತ್ವಾಟ ಅಡ್ಡಾಡಿ ಬಂದೇನಿ. ನನ್ನ ಮೈಗೆ ಏನೇನ ಹತ್ತೇತೋ. ತಾಲೂಕಿನಾಗ ಒಂದ ತ್ವಾಟ ಶುದ್ಧ ಐತಿ, ಅದನ್ನ ನಾ ಕೆಡಸಬೇಕೇನು? ಇನ್ಮ್ಯಾಲೆ ನೀ ಮುಂಜಾನಿನ ಪೆಂಡಿ ಕಟ್ಟಿ ಗೇಟಿನ ಹೊರಗ ಇಟ್ಟುಬಿಡು. ನಾ ಬಂದು ಒಯ್ತೇನಿ. ನಿನ್ನ ಕರಿಯೂದೂ ಬ್ಯಾಡ, ನೀ ಬರೂದೂ ಬ್ಯಾಡ. ಆರಾಮ."

ಮೈಲಾರಲಿಂಗ ಪೆಂಡಿಗಳನ್ನು ಒಂದೊಂದಾಗಿ ಗೇಟಿನ ಮೇಲಿಂದ ಕೊಟ್ಟ. ಕೊನೆಯದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು, "ಪ್ಯಾಟಿಯಾಗ ಏನ್ ಸುದ್ದಿ?" ಎಂದು ಕೇಳಿದ.

"ನಿನ್ನದ ಸುದ್ದಿ ಅಂದ್ನೆಲ್ಲಪಾ!" ಎಂದು ದಸ್ತಗೀರಸಾಬ ನಗುತ್ತಾ ಪೆಂಡಿ ಎಳೆದುಕೊಂಡು ಗಾಡಿ ತಿರುಗಿಸಿದ.

ಗಾಡಿಯ ಧೂಳು ಇಳಿಯುವ ತನಕ ಮೈಲಾರಲಿಂಗ ನಿಂತಿದ್ದ. ಆ ಮೇಲೆ ಗೇಟು ತೆಗೆದು ರಸ್ತೆಗೆ ಬಂದು, ಹೊರಗಿನಿಂದ ತನ್ನ ತೋಟವನ್ನು ನೋಡಿದ. ಬೋರ್ಡು ನೆಟ್ಟಗಿತ್ತು. ಅಕ್ಷರಗಳು ಸಂಜೆಯ ಬೆಳಕಿಗೆ ದೂರದವರಿಗೂ ಕಾಣುವಷ್ಟು ದಪ್ಪವಾಗಿದ್ದವು. ಆ ಕಡೆಯಿಂದ ಒಬ್ಬ ಸೈಕಲ್ಲಿನವನು ಬಂದ. ಮೈಲಾರಲಿಂಗ ಏನಾದರೂ ಮಾತಾಡಿಸಬೇಕೆಂದು ಬಾಯಿ ತೆರೆದ. ಅವನು ಬೋರ್ಡು ಓದಿ, ಗೌರವದಿಂದ ರಸ್ತೆಯ ಆಚೆ ಅಂಚಿಗೆ ಸರಿದು ಹೋದ.

ಒಳಗೆ ಹೋಗಲು ಪರವಾನಗಿ ಇದ್ದದ್ದು ಒಬ್ಬನಿಗೆ ಮಾತ್ರ. ಅವನು ಗೇಟು ತೆಗೆದು ಒಳಗೆ ಹೋದ.